ಒಂಬತ್ತನೆಯ ಚಿಪ್ಪು ಹೋದ ಮೇಲೆ

1981ರ ಆಗಸ್ಟ್‌ನಲ್ಲಿ ಐಬಿಎಂ ಮಾರುಕಟ್ಟೆಗೆ ಬಿಟ್ಟ ಪರ್ಸನಲ್ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಮೆಮೊರಿ ಚಿಪ್ಪುಗಳು ಸಾಲಿಗೆ ಒಂಬತ್ತರಂತೆ ಕೂತಿದ್ದವು. ಒಂದು ಬೈಟ್‌ಗೆ ಬೇಕಾದ್ದು ಎಂಟು ಬಿಟ್. ಆ ಲೆಕ್ಕಕ್ಕೆ ಎಂಟು ಚಿಪ್ಪು ಸಾಕಿತ್ತು. ಒಂಬತ್ತನೆಯದು ಇದ್ದದ್ದು ತಾಳೆ ನೋಡಲು. ಉಳಿದ ಎಂಟರಲ್ಲಿ ಎಷ್ಟು ‘ಒಂದು’ಗಳಿವೆ ಎಂದು ಎಣಿಸಿ, ಒಟ್ಟು ಬೆಸ ಸಂಖ್ಯೆಯಾಗುವಂತೆ ಒಂದನ್ನೋ ಸೊನ್ನೆಯನ್ನೋ ಅದರಲ್ಲಿ ಬರೆದಿಡಲಾಗುತ್ತಿತ್ತು. ಓದುವಾಗ ಮತ್ತೆ ಎಣಿಸಿ ಬೆಸ ಬರದಿದ್ದರೆ ಎಲ್ಲೋ ಒಂದು ಬಿಟ್ ಮಗುಚಿದೆ ಎಂದರ್ಥ. ಆಗ ಯಂತ್ರ ಎಲ್ಲ ಕೆಲಸ ಕೈಬಿಟ್ಟು, ಪರದೆಯ ಮೇಲೆ ‘ಪ್ಯಾರಿಟಿ ಚೆಕ್ 1’ ಎಂದು ತೋರಿಸಿ ನಿಂತುಬಿಡುತ್ತಿತ್ತು. ದೋಷ ಆಮೇಲೆ ಸೇರಿಸಿದ ಕಾರ್ಡಿನ ಮೆಮೊರಿಯಲ್ಲಿದ್ದರೆ ‘ಪ್ಯಾರಿಟಿ ಚೆಕ್ 2’. ಸಂದೇಶ ಒರಟಾಗಿತ್ತು, ಆದರೆ ನೋವು ಯಾವ ಕಡೆ ಎಂದು ಯಂತ್ರವೇ ಬೊಟ್ಟು ಮಾಡುತ್ತಿತ್ತು. ಇವತ್ತು ಬಿಡಿಭಾಗ ತಂದು ಮನೆಯಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಒಮ್ಮೆ ಗೇಮ್ ನಡುವೆ, ಒಮ್ಮೆ ಸುಮ್ಮನೆ ಕೂತಿದ್ದಾಗ, ಹೇಳದೆ ಕೇಳದೆ ರೀಸ್ಟಾರ್ಟ್ ಆದರೆ ನಾವು ಅದಕ್ಕೆ ‘ರ‍್ಯಾಂಡಮ್ ಕ್ರ್ಯಾಶ್’ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಅದಕ್ಕೂ ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಹೇಳುವ ಬಾಯನ್ನು ಈ ಉದ್ಯಮ ಕಾಸು ಉಳಿಸುವ ಲೆಕ್ಕದಲ್ಲಿ ಹಂತಹಂತವಾಗಿ ಕಟ್ಟಿಹಾಕಿತು ಎಂಬುದನ್ನು ಅಸೆಂಬಲ್ಡ್ ಕಂಪ್ಯೂಟರಿನ ನಾಲ್ಕು ದಶಕಗಳ ಚರಿತ್ರೆ ತೋರಿಸುತ್ತದೆ.

ಬಂದು ಹೋಗುವ ದೋಷ ಕಂಪ್ಯೂಟರಿನಷ್ಟೇ ಹಳೆಯದು. 1940ರ ದಶಕದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಅಷ್ಟು ವಾಲ್ವುಗಳಿದ್ದರೆ ಯಂತ್ರ ಒಂದು ಗಂಟೆಯೂ ನೆಟ್ಟಗೆ ನಡೆಯಲಾರದು ಎಂದು ಸಂಶಯಪಟ್ಟವರಿಗೆ ಅದರ ಎಂಜಿನಿಯರ್ ಪ್ರೆಸ್ಪರ್ ಎಕರ್ಟ್ ಕೊಟ್ಟ ಉತ್ತರ ಸರಳ: ಪ್ರತಿ ವಾಲ್ವನ್ನೂ ಅದರ ತಾಕತ್ತಿಗಿಂತ ಸಾಕಷ್ಟು ಕಡಿಮೆ ಒತ್ತಡದಲ್ಲಿ ದುಡಿಸುವುದು. ಎಂಐಟಿಯ ವರ್ಲ್‌ವಿಂಡ್ ಯಂತ್ರ ಕಟ್ಟಿದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತಪಾಸಣೆಯ ಹೊತ್ತಿನಲ್ಲಿ ಅವರು ಬೇಕೆಂದೇ ವೋಲ್ಟೇಜನ್ನು ಏರಿಳಿಸುತ್ತಿದ್ದರು. ಗಟ್ಟಿ ವಾಲ್ವು ತಡೆದುಕೊಳ್ಳುತ್ತಿತ್ತು, ಬಡಕಲು ವಾಲ್ವು ಅಲ್ಲೇ ಸೋಲುತ್ತಿತ್ತು. ಸೋತದ್ದನ್ನು ಕಿತ್ತು ಬೇರೆ ಹಾಕಿದರೆ ಮರುದಿನ ಕೆಲಸದ ನಡುವೆ ಅದು ಕೈಕೊಡುವ ಪ್ರಶ್ನೆಯೇ ಇಲ್ಲ. ಬಂದು ಹೋಗುವ ದೋಷವನ್ನು ಹಿಡಿಯಬೇಕಾದರೆ ಮೊದಲು ಅದನ್ನು ಬಂದು ನಿಲ್ಲುವ ದೋಷವನ್ನಾಗಿ ಮಾಡಬೇಕು ಎಂಬ ಈ ಉಪಾಯಕ್ಕಿಂತ ಮೇಲಾದುದು ಇಂದಿಗೂ ಸಿಕ್ಕಿಲ್ಲ. ಅದೇ ಕಾಲದಲ್ಲಿ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಕ್ಕೆ ಯಂತ್ರಕ್ಕೆ ಒಪ್ಪಿಸಿ ಹೋದ ಲೆಕ್ಕ ಒಂದು ತಪ್ಪಿನಿಂದಾಗಿ ಅರ್ಧಕ್ಕೇ ಬಿಟ್ಟುಹೋಗಿರುವುದನ್ನು ಕಂಡು ರೋಸಿಹೋಗಿದ್ದರು. ತಪ್ಪಾಗಿದೆ ಎಂದು ಗುರುತಿಸಬಲ್ಲ ಯಂತ್ರ ಅದು ಎಲ್ಲಾಗಿದೆ ಎಂದು ಹುಡುಕಿ ತಿದ್ದಿಕೊಳ್ಳಲು ಯಾಕಾಗಬಾರದು ಎಂಬ ಅವರ ಪ್ರಶ್ನೆಯಿಂದ 1950ರಲ್ಲಿ ದೋಷ ತಿದ್ದುವ ಸಂಕೇತಗಳ ಗಣಿತ ಹುಟ್ಟಿತು. ಅಂದರೆ ಪರ್ಸನಲ್ ಕಂಪ್ಯೂಟರ್ ಹುಟ್ಟುವ 30 ವರ್ಷ ಮೊದಲೇ ರೋಗವೂ ಗೊತ್ತಿತ್ತು, ಮದ್ದೂ ಗೊತ್ತಿತ್ತು.

ಹಾಗಿದ್ದೂ ಆ ಮದ್ದು ಮನೆಯ ಯಂತ್ರದ ತನಕ ಏಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಮಾರುಕಟ್ಟೆಯ ರಚನೆಯಲ್ಲಿದೆ. ಐಬಿಎಂ ತನ್ನ ಪಿಸಿಯನ್ನು ಇಂಟೆಲ್‌ನ 8088 ಪ್ರೊಸೆಸರ್, ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್, ಹೀಗೆ ಹೊರಗೆ ಸಿಗುವ ಸರಕಿನಿಂದಲೇ ಕಟ್ಟಿತ್ತು. ಸರ್ಕ್ಯೂಟ್ ನಕ್ಷೆಗಳನ್ನೂ ಪುಸ್ತಕ ಮಾಡಿ ಮಾರಿತು. 1982ರ ಕೊನೆಯಲ್ಲಿ ಕಾಂಪ್ಯಾಕ್ ಅದರ ಪಡಿಯಚ್ಚನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಕಂಪನಿ, ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸನ್ನೇ ಬಿಡಿ ಸರಕಾಗಿ ಮಾರತೊಡಗಿದ ಮೇಲೆ ಯಾರು ಬೇಕಾದರೂ ಪಿಸಿ ಜೋಡಿಸಬಹುದು ಎಂದಾಯಿತು. ಬೆಂಗಳೂರಿನ ಎಸ್.ಪಿ. ರೋಡ್, ದೆಹಲಿಯ ನೆಹರೂ ಪ್ಲೇಸ್‌ನಂಥ ಪೇಟೆಗಳು ಬೆಳೆದದ್ದು ಈ ಬಾಗಿಲು ತೆರೆದುದರಿಂದ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್, ಪಕ್ಕದಲ್ಲಿ ರ‍್ಯಾಮ್, ಎದುರುಗಡೆ ಕ್ಯಾಬಿನೆಟ್ಟು ಮತ್ತು ಎಸ್‌ಎಂಪಿಎಸ್: ಬ್ರಾಂಡೆಡ್ ಯಂತ್ರ ಕೊಳ್ಳಲಾಗದ ಸಾವಿರಾರು ಮನೆಗಳಿಗೆ ಕಂಪ್ಯೂಟರ್ ಬಂದದ್ದು ಹೀಗೆ, ಮತ್ತು ಅದು ಸಣ್ಣ ಸಾಧನೆಯಲ್ಲ. ಆದರೆ ಇಡೀ ಯಂತ್ರಕ್ಕೆ ಹೊಣೆಗಾರ ಎಂಬ ಒಬ್ಬ ಮಾತ್ರ ಇಲ್ಲವಾದ. ಬಿಲ್ಲು ಬೇರೆ ಬೇರೆ, ವಾರಂಟಿ ಬೇರೆ ಬೇರೆ. ತಪ್ಪು ನಮ್ಮ ಭಾಗದ್ದೇ ಎಂದು ರುಜುವಾತು ಮಾಡಿ ಎನ್ನುವುದು ಪ್ರತಿಯೊಬ್ಬರ ಉತ್ತರ. ಇಂಥ ಯಂತ್ರಕ್ಕೆ ತನ್ನ ದೋಷವನ್ನು ತಾನೇ ಹೇಳುವ ಶಕ್ತಿ ಎಲ್ಲಕ್ಕಿಂತ ಹೆಚ್ಚು ಬೇಕಿತ್ತು.

ಅದು ಕೈತಪ್ಪಿದ್ದು 1990ರ ದಶಕದಲ್ಲಿ. ಮೆಮೊರಿ ಆಗ ದುಬಾರಿ ಸರಕು. ಎಂಟಕ್ಕೊಂದು ಚಿಪ್ಪು ಹೆಚ್ಚೆಂದರೆ ಖರ್ಚಿಗೆ ಶೇ 12.5ರಷ್ಟು ಕೂಡುತ್ತದೆ. ಒಂಬತ್ತು ಚಿಪ್ಪಿನ, ಸಿಮ್ ಎಂಬ ಮೆಮೊರಿ ಪಟ್ಟಿಯ ಪಕ್ಕದಲ್ಲೇ ಎಂಟರ ಪಟ್ಟಿ ಕಡಿಮೆ ಬೆಲೆಗೆ ಸಿಗತೊಡಗಿತು. 1995ರಲ್ಲಿ ಬಂದು ಬಹು ಜನಪ್ರಿಯವಾದ ಇಂಟೆಲ್‌ನ ಟ್ರೈಟನ್ ಚಿಪ್‌ಸೆಟ್‌ನಲ್ಲಿ ಪ್ಯಾರಿಟಿ ನೋಡುವ ಸೌಲಭ್ಯವೇ ಇರಲಿಲ್ಲ. ಒಂಬತ್ತು ಚಿಪ್ಪಿನ ಪಟ್ಟಿ ಹಾಕಿದರೂ ಅದರ ಮಾತು ಕೇಳುವವರಿಲ್ಲ. ಇದಕ್ಕೊಂದು ಸಮರ್ಥನೆಯೂ ಇತ್ತು. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್, ಚಿಪ್ಪಿನ ಹೊದಿಕೆಯಲ್ಲೇ ಇರುವ ವಿಕಿರಣಶೀಲ ಧಾತುಗಳ ಲವಲೇಶದಿಂದ ಹೊರಟ ಆಲ್ಫಾ ಕಣಗಳು ಬಿಟ್‌ಗಳನ್ನು ಮಗುಚುತ್ತವೆ ಎಂದು ತೋರಿಸಿದ್ದರು. ಆಮೇಲೆ ಹೊದಿಕೆಯನ್ನು ಶುದ್ಧಗೊಳಿಸಿದ ಮೇಲೆ ಇನ್ನು ಕಾವಲು ಯಾಕೆ ಎಂಬ ಮಾತು ಹುಟ್ಟಿತು. ಇದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿದೆ. ಪ್ಯಾರಿಟಿ ಕೇಳುವ ಮದರ್‌ಬೋರ್ಡುಗಳಿಗೆಂದು ನಕಲಿ ಪ್ಯಾರಿಟಿ ಪಟ್ಟಿಗಳೂ ಮಾರಾಟಕ್ಕಿದ್ದವು. ಅವುಗಳ ಒಂಬತ್ತನೆಯ ಜಾಗದಲ್ಲಿ ಕೂತ ಅಗ್ಗದ ಚಿಪ್ಪು ಏನನ್ನೂ ನೆನಪಿಡುತ್ತಿರಲಿಲ್ಲ. ಓದುವ ಕ್ಷಣದಲ್ಲಿ ಎಂಟು ಬಿಟ್‌ಗಳನ್ನು ನೋಡಿ, ಅವು ಮಗುಚಿದ್ದರೂ ಸರಿಯೇ, ಅವಕ್ಕೆ ಹೊಂದುವ ಉತ್ತರವನ್ನು ಅಲ್ಲೇ ತಯಾರಿಸಿ ಕೊಡುತ್ತಿತ್ತು.

ಇಲ್ಲಿ ಬರುವ ಮೊದಲ ಆಕ್ಷೇಪ, ಹೆಚ್ಚಿನ ಕುಸಿತಗಳು ಸಾಫ್ಟ್‌ವೇರ್ ತಪ್ಪಿನಿಂದ, ಅದರಲ್ಲೂ ಕೆಟ್ಟ ಡ್ರೈವರುಗಳಿಂದ ಆಗುವಂಥವು, ಮೆಮೊರಿಯೊಂದನ್ನೇ ದೂರಿ ಏನು ಪ್ರಯೋಜನ ಎಂಬುದು. ಆಕ್ಷೇಪದ ಮೊದಲ ಭಾಗ ನಿಜ. ಆದರೆ ಸಾಫ್ಟ್‌ವೇರ್ ತಪ್ಪು ಸಾಮಾನ್ಯವಾಗಿ ಗುರುತು ಬಿಟ್ಟುಹೋಗುತ್ತದೆ: ಬ್ಲೂ ಸ್ಕ್ರೀನಿನಲ್ಲಿ ಒಂದು ಸಂಕೇತ, ಡಂಪ್ ಕಡತದಲ್ಲಿ ಒಂದು ಡ್ರೈವರಿನ ಹೆಸರು, ಮತ್ತೆ ಮತ್ತೆ ಅದೇ. ಮೆಮೊರಿ ಕೆಟ್ಟಿದ್ದರೆ ಆ ಗುರುತೇ ಕಲಸಿಹೋಗುತ್ತದೆ. ಇವತ್ತು ಒಂದು ಸಂಕೇತ, ನಾಳೆ ಇನ್ನೊಂದು. ಇವತ್ತು ಆಡಿಯೋ ಡ್ರೈವರ್ ಅಪರಾಧಿ, ನಾಳೆ ನೆಟ್‌ವರ್ಕಿನದು. ಹೀಗಾಗಿ ಮೆಮೊರಿಯ ಕಾವಲು ಬೇಕಾದದ್ದು ಮೆಮೊರಿಗಾಗಿ ಮಾತ್ರವಲ್ಲ, ಉಳಿದ ಸಾಕ್ಷ್ಯಗಳನ್ನು ನಂಬುವುದಕ್ಕಾಗಿ. ಆ ಉಳಿದ ಸಾಕ್ಷ್ಯವನ್ನಾದರೂ ಜೋಪಾನ ಮಾಡಿದರೇ? 2001ರ ವಿಂಡೋಸ್ ಎಕ್ಸ್‌ಪಿ, ವ್ಯವಸ್ಥೆ ಕುಸಿದರೆ ತಾನಾಗಿ ರೀಸ್ಟಾರ್ಟ್ ಆಗುವ ಏರ್ಪಾಡಿನೊಂದಿಗೇ ಬಂತು. ನೀಲಿ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಮುಂದಿನ ಆವೃತ್ತಿಗಳಲ್ಲಿ ಈವೆಂಟ್ ವ್ಯೂಯರ್ ತೆರೆದರೆ ಸಿಗುವುದು ‘ಕರ್ನೆಲ್-ಪವರ್ 41’ ಎಂಬ ಸಾಲು. ಯಂತ್ರ ಸರಿಯಾಗಿ ಮುಚ್ಚದೆ ಮತ್ತೆ ಶುರುವಾಗಿದೆ ಎಂದಷ್ಟೇ ಅದರ ಅರ್ಥ. ಜೊತೆಗಿನ ಬಗ್‌ಚೆಕ್ ಸಂಖ್ಯೆ ಸೊನ್ನೆಯಾಗಿದ್ದರೆ, ಬಿದ್ದದ್ದು ಹೌದು, ಯಾಕೆಂದು ತಿಳಿಯದು ಎಂದು ಯಂತ್ರವೇ ಕೈಚೆಲ್ಲಿದಂತೆ.

ಸಾಕ್ಷಿಯಿಲ್ಲದ ಕಡೆ ಕೈಮದ್ದು ಹುಟ್ಟುತ್ತದೆ. ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಟಕ್ಕೆನ್ನುವಂತೆ ಕೂರಿಸುವುದು ನಮ್ಮ ರಿಪೇರಿ ಅಂಗಡಿಗಳ ಮೊದಲ ಚಿಕಿತ್ಸೆ. ಇದು ಎಷ್ಟೋ ಸಲ ಫಲಿಸುತ್ತದೆ, ಆ ಕಸುಬುದಾರರ ಅನುಭವ ಸುಳ್ಳಲ್ಲ. ಆದರೆ ಗುಣವಾದದ್ದು ಉಜ್ಜಿದ್ದರಿಂದಲೋ, ಕಿತ್ತು ಕೂರಿಸಿದಾಗ ಸಂಪರ್ಕ ಸರಿಹೋದದ್ದರಿಂದಲೋ, ಕ್ಯಾಬಿನೆಟ್ ತೆರೆದಾಗ ಧೂಳು ಹಾರಿ ಬಿಸಿ ತಗ್ಗಿದ್ದರಿಂದಲೋ ಹೇಳಲು ಬರುವುದಿಲ್ಲ. ‘ಫಾರ್ಮ್ಯಾಟ್ ಮಾಡಿಸಿ’ ಎಂಬ ಸಲಹೆಯೂ ಇದೇ ಜಾತಿಯದು. ಒಂದು ವಾರ ಯಂತ್ರ ಸುಮ್ಮನಿದ್ದರೆ ಫಾರ್ಮ್ಯಾಟಿಗೆ ಕೀರ್ತಿ, ಮತ್ತೆ ಬಿದ್ದರೆ ವೈರಸ್ಸಿಗೆ ಅಪಕೀರ್ತಿ. ಕಣ್ಣಿಗೆ ಕಾಣುವ ಗುರುತಿದ್ದಾಗ ಇದೇ ಜನ ಎಷ್ಟು ನಿಖರವಾಗಿ ರೋಗ ಪತ್ತೆಹಚ್ಚಿದರು ಎಂಬುದಕ್ಕೆ 2000ದ ಆಸುಪಾಸಿನ ಕೆಪಾಸಿಟರ್ ಪಿಡುಗು ನಿದರ್ಶನ. ಒಳಗಿನ ದ್ರಾವಣ ಸರಿಯಿಲ್ಲದ ಲಕ್ಷಾಂತರ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಮದರ್‌ಬೋರ್ಡುಗಳಲ್ಲಿ ಸೇರಿಹೋಗಿ, ಕೆಲವೇ ವರ್ಷಗಳಲ್ಲಿ ಎಲ್ಲೆಂದರಲ್ಲಿ ಯಂತ್ರಗಳು ಹ್ಯಾಂಗ್ ಆಗತೊಡಗಿದವು. ಆದರೆ ಅವುಗಳ ಚಪ್ಪಟೆ ನೆತ್ತಿ ಪೂರಿಯ ಹಾಗೆ ಉಬ್ಬಿ, ಅಡ್ಡಗೀರು ಬಿರಿದು, ಕಂದು ಜಿಗುಟು ಒಸರುತ್ತಿತ್ತು. ಟಾರ್ಚ್ ಹಿಡಿದು ನೋಡಿದ ಹುಡುಗನೂ ಬೆರಳಿಟ್ಟು ತೋರಿಸಬಲ್ಲವನಾಗಿದ್ದ. ಕೌಶಲ ಅಂದೂ ಇತ್ತು, ಇಂದೂ ಇದೆ. ಗುರುತು ಸಿಗುತ್ತದೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ತಯಾರಕರು ಬಿಟ್ಟ ಜಾಗವನ್ನು ತುಂಬಿದವರು ಹೊರಗಿನವರು. 1994ರಲ್ಲಿ ಕ್ರಿಸ್ ಬ್ರೇಡಿ ಬರೆದ ಮೆಮ್‌ಟೆಸ್ಟ್86, ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಎದ್ದು, ಮೆಮೊರಿಯ ಮನೆಮನೆಗೂ ಒಂದು ವಿನ್ಯಾಸ ಬರೆದು, ತಿರುಗಿಸಿ, ಮತ್ತೆ ಓದಿ ತಾಳೆ ನೋಡುತ್ತದೆ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಬೃಹತ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟಕ್ಕೆ ಮಾಡಿದ ಪ್ರೈಮ್95 ಕಾರ್ಯಕ್ರಮ, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನಿಂದ ಗಂಟೆಗಟ್ಟಲೆ ಮಾಡಿಸಿ, ಒಂದಂಕಿ ತಪ್ಪಿದರೂ ಹಿಡಿಯುತ್ತದೆ. ಎರಡೂ ವರ್ಲ್‌ವಿಂಡ್‌ನ ಹಳೆಯ ಉಪಾಯಕ್ಕೆ ತೊಡಿಸಿದ ಹೊಸ ಅಂಗಿ: ಬೇಕೆಂದೇ ದಣಿಸಿ, ಬೀಳುವುದನ್ನು ಎದುರಿಗೇ ಬೀಳಿಸುವುದು. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳು ಕೆಲವು ಕ್ಲಿಷ್ಟ ಲೆಕ್ಕಗಳ ನಡುವೆ ಹೆಪ್ಪುಗಟ್ಟುತ್ತವೆ ಎಂಬುದು ಪ್ರೈಮ್95 ಓಡಿಸುತ್ತಿದ್ದ ಗಣಿತಾಸಕ್ತರಿಂದಲೇ ಬಯಲಾಗಿ, 2016ರ ಜನವರಿಯಲ್ಲಿ ಕಂಪನಿ ಅದನ್ನು ಒಪ್ಪಿಕೊಂಡಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಎಲ್ಲೋ ಒಂದು ವಿಶ್ವಕಿರಣ ಬಡಿದು ಒಂದು ಬಿಟ್ ಮಗುಚುವುದು ನಿಜಕ್ಕೂ ಯಾದೃಚ್ಛಿಕ. ಅಪರೂಪದ ಅಂಥ ಘಟನೆಗಾಗಿ ಎಲ್ಲರೂ ಹಣ ತೆರಬೇಕೆ ಎಂಬುದು. ಇದಕ್ಕೆ ಎರಡು ಅಧ್ಯಯನಗಳು ಉತ್ತರಿಸುತ್ತವೆ. ಗೂಗಲ್ ಕಂಪನಿಯ ಸರ್ವರುಗಳ ದಾಖಲೆ ಆಧರಿಸಿದ 2009ರ ಅಧ್ಯಯನದಲ್ಲಿ ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಂಡಿತು. ಅದರ ಬಹುಪಾಲು ಆಕಾಶದಿಂದ ಬಂದದ್ದಲ್ಲ, ಪಟ್ಟಿಯಲ್ಲೇ ನೆಲೆಸಿದ್ದು. 2011ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಸುಮಾರು ಹತ್ತು ಲಕ್ಷ ಗೃಹಬಳಕೆಯ ಕಂಪ್ಯೂಟರುಗಳ ಕುಸಿತದ ವರದಿ ಪರಿಶೀಲಿಸಿದರು. ಎಂಟು ತಿಂಗಳಲ್ಲಿ ಪ್ರೊಸೆಸರ್ ಭಾಗದ ದೋಷದಿಂದ ಒಮ್ಮೆ ಬೀಳುವ ಸಂಭವ, ಸಾಕಷ್ಟು ದುಡಿದ ಯಂತ್ರಗಳಲ್ಲಿ, 190ಕ್ಕೆ 1. ಒಮ್ಮೆ ಬಿದ್ದದ್ದು ಮತ್ತೆ ಬೀಳುವ ಸಂಭವ 3.3ಕ್ಕೆ 1. ಆಕಸ್ಮಿಕಕ್ಕೆ ಹೀಗೆ ಅದೇ ಮನೆಯ ವಿಳಾಸ ಮತ್ತೆ ಮತ್ತೆ ನೆನಪಿರುವುದಿಲ್ಲ. ನಿಗದಿತ ವೇಗಕ್ಕಿಂತ ತಗ್ಗಿಸಿ ನಡೆಸಿದ ಯಂತ್ರಗಳು ಗಮನಾರ್ಹವಾಗಿ ಹೆಚ್ಚು ಬಾಳಿಕೆ ತೋರಿದವು. ಎಕರ್ಟ್ ಇದ್ದಿದ್ದರೆ ಅಚ್ಚರಿಪಡುತ್ತಿರಲಿಲ್ಲ. ಅಧ್ಯಯನದ ವಿಧಾನವೇ ನಮ್ಮ ವಾದಕ್ಕೆ ಪುರಾವೆ. ಮೆಮೊರಿ ತಾನಾಗಿ ಏನನ್ನೂ ಹೇಳದ ಕಾರಣ, ಅವರು ಡಂಪ್ ಕಡತದಲ್ಲಿದ್ದ ವಿಂಡೋಸ್ ಸಂಕೇತದ ತುಣುಕನ್ನು ಮೂಲದೊಂದಿಗೆ ಹೋಲಿಸಿ, ಒಂದೇ ಬಿಟ್ ಬದಲಾದ ಕಡೆಗಳನ್ನು ಹುಡುಕಬೇಕಾಯಿತು. ಮೆಮೊರಿಯ ಪುಟ್ಟ ಮೂಲೆಯೊಂದೇ ಅವರಿಗೆ ಕಂಡದ್ದು.

ಸಾಕ್ಷಿ ಇಲ್ಲದಿದ್ದರೆ ಏನಾಗುತ್ತದೆಂದು 2024 ಮತ್ತೆ ತೋರಿಸಿತು. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಗೇಮುಗಳು ಕುಸಿಯುತ್ತಿದ್ದವು. ಪರದೆಯ ಮೇಲೆ ಬರುತ್ತಿದ್ದ ಸಂದೇಶ ವಿಡಿಯೋ ಮೆಮೊರಿ ಸಾಲದು ಎಂದು. ಜನ ಗ್ರಾಫಿಕ್ಸ್ ಕಾರ್ಡನ್ನು ಶಂಕಿಸಿದರು, ಡ್ರೈವರ್ ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪ್ರೊಸೆಸರಿಗೆ ಹೋಗುತ್ತಿದ್ದ ಅತಿಯಾದ ವೋಲ್ಟೇಜ್ ಅದರೊಳಗಿನ ಒಂದು ಸರ್ಕ್ಯೂಟನ್ನು ಸವೆಸುತ್ತಿದೆ ಎಂದು ಕಂಪನಿ ವಿವರಿಸಿ, ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ತಿದ್ದುಪಡಿ ಬಿಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಪ್ಯಾರಿಟಿ ಇದ್ದರೂ ಇದನ್ನು ಹಿಡಿಯುತ್ತಿರಲಿಲ್ಲ ಎನ್ನಬಹುದು, ಸರಿಯೇ. ಸೋತ ಎಸ್‌ಎಂಪಿಎಸ್ಸನ್ನೂ ಅದು ಹಿಡಿಯದು. ಆದರೆ ಹುಡುಕುವವನ ಕೆಲಸವೆಲ್ಲ ಒಂದೊಂದನ್ನೇ ಪಟ್ಟಿಯಿಂದ ಹೊಡೆದುಹಾಕುವುದು. ಮೆಮೊರಿ ನಿರ್ದೋಷಿ ಎಂದು ಯಂತ್ರವೇ ಖಾತ್ರಿ ಕೊಟ್ಟರೆ ಉಳಿದ ಶಂಕಿತರು ಕಡಿಮೆಯಾಗುತ್ತಾರೆ. ಆ ಖಾತ್ರಿ ಇಲ್ಲದ್ದರಿಂದ ಪ್ರತಿ ಹುಡುಕಾಟವೂ ರಾತ್ರಿಯಿಡೀ ಓಡುವ ಮೆಮ್‌ಟೆಸ್ಟಿನಿಂದ ಶುರುವಾಗಬೇಕು.

2020ರಲ್ಲಿ ಪ್ರಕಟವಾದ ಡಿಡಿಆರ್5 ಮಾನದಂಡದಲ್ಲಿ ಚಿಪ್ಪು ತನ್ನೊಳಗಿನ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಹ್ಯಾಮಿಂಗ್ ಗಣಿತ ಕಡೆಗೂ ಮನೆಯ ಯಂತ್ರಕ್ಕೆ ಬಂತಲ್ಲ ಎಂದು ಸಂತೋಷಪಡೋಣ ಎಂದರೆ, ತಿದ್ದಿಕೊಂಡ ಸುದ್ದಿಯನ್ನು ಅದು ಹೊರಗಿನ ಯಂತ್ರಕ್ಕೆ ಪ್ರತಿ ಸಲ ತಿಳಿಸುವುದಿಲ್ಲ. ತಪ್ಪನ್ನು ತಿದ್ದಿ ಯಂತ್ರಕ್ಕೂ ತಿಳಿಸುವ ಪೂರ್ತಿ ಇಸಿಸಿ (ದೋಷ ತಿದ್ದುವ ಸಂಕೇತದ) ಮೆಮೊರಿ ಇಂದಿಗೂ ಮುಖ್ಯವಾಗಿ ಸರ್ವರ್ ಮತ್ತು ವರ್ಕ್‌ಸ್ಟೇಷನ್‌ಗಳ ಸೊತ್ತು. ಡಿಡಿಆರ್3, ಡಿಡಿಆರ್4 ಕಾಲದ ಮಾಮೂಲಿ ರ‍್ಯಾಮ್ ಪಟ್ಟಿಗಳಲ್ಲಿ ಹಲವನ್ನು ಕೈಯಲ್ಲಿ ಹಿಡಿದು ನೋಡಿದರೆ ಎಂಟು ಕಪ್ಪು ಚಿಪ್ಪುಗಳು ನಾಲ್ಕು ನಾಲ್ಕಾಗಿ ಕೂತಿರುತ್ತವೆ. ನಡುವೆ ಇನ್ನೊಂದಕ್ಕೆ ಸರಿಯಾಗಿ ಜಾಗ, ಬೆಸುಗೆಯ ಪುಟ್ಟ ಚುಕ್ಕಿಗಳು, ಎಲ್ಲ ಸಿದ್ಧ. ಚಿಪ್ಪು ಮಾತ್ರ ಇಲ್ಲ.