ಮುಲ್ಕಿಯಿಂದ ಕೀವರ್ಡಿನವರೆಗೆ

ಅರ್ಜಿ, ಹುದ್ದೆ, ಗುಮಾಸ್ತ, ಉಮೇದುವಾರ. ರಾಯಚೂರಿನಲ್ಲಿ ನೌಕರಿಯ ಮಾತು ಬಂದರೆ ಬಾಯಿಗೆ ಬರುವ ಈ ಪದಗಳೆಲ್ಲ ಅರಬ್ಬಿ, ಪಾರಸಿ ಮೂಲದವು. ಉಮೇದು ಎಂದರೆ ಆಸೆ. ಉಮೇದುವಾರ ಎಂದರೆ ಆಸೆ ಇಟ್ಟುಕೊಂಡವನು. ಆ ಆಸೆಯನ್ನು ಯಾವ ಪದದಲ್ಲಿ ಬರೆಯಬೇಕೆಂದು ನಿರ್ಧರಿಸುತ್ತ ಬಂದವನು ಮಾತ್ರ ಬರೆಯುವವನಲ್ಲ, ಓದುವವನು. ರೆಸ್ಯೂಮೆಯಲ್ಲಿ ‘ಕೀವರ್ಡ್’ ಇರಬೇಕಂತೆ ಎಂದು ಇಂದಿನ ಹುಡುಗರು ಹೇಳಿದಾಗ ನನಗೆ ಅದು ಹೊಸ ಮಾತು ಅನ್ನಿಸುವುದಿಲ್ಲ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಆಡಳಿತದ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ದೇವದುರ್ಗ, ಮಾನ್ವಿಗಳಲ್ಲಿ ಕನ್ನಡ ಮಾತಾಡಿ ಬೆಳೆದವನು ಕಚೇರಿ ಸೇರಬೇಕೆಂದರೆ ಉರ್ದು ಬೇಕಿತ್ತು. 1919ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನೊಡನೆ ಇನ್ನೊಂದು ಪದ ಗಟ್ಟಿಯಾಯಿತು: ಮುಲ್ಕಿ, ಅಂದರೆ ಈ ನಾಡಿನವನು. ಹುಟ್ಟಿನಿಂದ ಮುಲ್ಕಿಯಲ್ಲದವನು 15 ವರ್ಷ ಸಂಸ್ಥಾನದಲ್ಲಿ ನೆಲೆಸಿ, ಹಳೆಯ ಊರಿಗೆ ಮರಳುವುದಿಲ್ಲವೆಂದು ಪ್ರಮಾಣಪತ್ರ ಕೊಡಬೇಕಿತ್ತು. ಒಂದು ಪದದ ಬೆಲೆ ಎಷ್ಟೆಂದರೆ, ಮುಲ್ಕಿಯಲ್ಲದವರಿಗೆ ಹುದ್ದೆಗಳು ಹೋಗುತ್ತಿವೆ ಎಂದು 1952ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಹೈದರಾಬಾದಿನಲ್ಲಿ ಪೊಲೀಸರ ಗುಂಡಿಗೆ ಜೀವಗಳು ಹೋದವು.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಭಾಷೆ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ಸಂವಿಧಾನದ 98ನೇ ತಿದ್ದುಪಡಿ 371(ಜೆ) ವಿಧಿಯನ್ನು ತಂದಿತು. ಈಗ ಸರಕಾರಿ ಅರ್ಜಿಯಲ್ಲಿ ಸ್ಥಳೀಯ ವೃಂದದ ಮೀಸಲಾತಿ ಕೇಳುವವರು ಸಹಾಯಕ ಆಯುಕ್ತರು ಕೊಟ್ಟ ಅರ್ಹತಾ ಪ್ರಮಾಣಪತ್ರ ತೋರಿಸಬೇಕು. ಮುಲ್ಕಿ ಎಂಬ ಪದ ಹೋಯಿತು. ಅದು ನಿಂತಿದ್ದ ಜಾಗದಲ್ಲಿ ಒಂದು ಸಂಖ್ಯೆ ಬಂದು ಕೂತಿತು.

ಖಾಸಗಿ ಕಂಪನಿಗಳಲ್ಲಿ ಈ ಸಂಖ್ಯೆ ನಡೆಯುವುದಿಲ್ಲ. ಅಲ್ಲಿ ಎಷ್ಟೋ ಕಡೆ ರೆಸ್ಯೂಮೆಯನ್ನು ಮೊದಲು ಸೋಸುವುದು ಸಾಫ್ಟ್‌ವೇರ್. ಕೆಲಸದ ಜಾಹೀರಾತಿನಲ್ಲಿರುವ ಪದಗಳು ನಮ್ಮ ಕಾಗದದಲ್ಲೂ ಇವೆಯೇ ಎಂದು ಅದು ಹುಡುಕುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯಲ್ಲಿ ಭತ್ತ ಬಂತು, ಅಕ್ಕಿ ಗಿರಣಿಗಳು ಬಂದವು. ಅಂಥ ಗಿರಣಿಯಲ್ಲಿ ಲೆಕ್ಕ ಬರೆದ ಹುಡುಗ ‘ರೈಸ್ ಮಿಲ್ಲಿನಲ್ಲಿ ಮೂರು ವರ್ಷ ಕೆಲಸ’ ಎಂದಷ್ಟೇ ಬರೆದರೆ ಯಂತ್ರಕ್ಕೆ ಏನೂ ಸಿಗುವುದಿಲ್ಲ. ಅಕೌಂಟೆಂಟ್ ಹುದ್ದೆಗಾದರೆ ‘ಟ್ಯಾಲಿ, ಜಿಎಸ್‌ಟಿ ರಿಟರ್ನ್, ಬಿಲ್ಲಿಂಗ್’. ಗೋದಾಮಿನ ಹುದ್ದೆಗಾದರೆ ‘ಸ್ಟಾಕ್ ರಿಜಿಸ್ಟರ್, ಇನ್ವೆಂಟರಿ, ಲೋಡಿಂಗ್’. ಅದೇ ಮೂರು ವರ್ಷ, ಎರಡು ರೆಸ್ಯೂಮೆ. ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ಗುತ್ತಿಗೆ ಕೆಲಸ ಮಾಡಿದವನು ‘ಎಲೆಕ್ಟ್ರಿಕಲ್ ಕೆಲಸ’ ಎನ್ನುವ ಬದಲು ಮೋಟಾರ್, ಪ್ಯಾನೆಲ್, ಬ್ರೇಕರ್ ಎಂದು ತಾನು ಕೈಯಿಟ್ಟ ವಸ್ತುವಿನ ಹೆಸರನ್ನೇ ಬರೆಯಬೇಕು.

ಪದ ಎಲ್ಲಿರಬೇಕು ಎಂಬುದೂ ಹಳೆಯ ವಿದ್ಯೆಯೇ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಪತ್ರ ಸಿದ್ಧಪಡಿಸಿದ. ಅದರಲ್ಲಿ ಮೊದಲು ಬರುವುದು ಸೇತುವೆ, ಫಿರಂಗಿ, ಯುದ್ಧದ ರಥ; ಚಿತ್ರಕಲೆಯ ಮಾತು ಕೊನೆಗೆ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಬೇಕಾದದ್ದು ಅವನಿಗೆ ತಿಳಿದಿತ್ತು. ಹಾಗೆಯೇ ಮುಖ್ಯವಾದ ನಾಲ್ಕೈದು ಪದ ಮೇಲಿನ ಪರಿಚಯದ ಸಾಲುಗಳಲ್ಲಿರಲಿ; ಅವೇ ಪದಗಳು ಅನುಭವದ ಭಾಗದಲ್ಲಿ ಮಾಡಿದ ಕೆಲಸದೊಡನೆ ಮತ್ತೆ ಬರಲಿ. ಬರೀ ಪಟ್ಟಿ ಯಂತ್ರವನ್ನು ದಾಟಬಹುದು, ಸಂದರ್ಶನದ ಮೊದಲ ಪ್ರಶ್ನೆಯನ್ನು ದಾಟುವುದಿಲ್ಲ.

ನನಗೆ ಹೆಚ್ಚು ಕಾಡುವುದು ಸುಳ್ಳು ಪದ ತುಂಬುವವರಲ್ಲ, ನಿಜವಾದ ಕೆಲಸಕ್ಕೆ ಪದವಿಲ್ಲದವರು. ದೇವದುರ್ಗದ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಉಳಿತಾಯ, ಸಾಲ, ಕಂತುಗಳ ಪುಸ್ತಕ ಬರೆದು ಬ್ಯಾಂಕಿಗೆ ಓಡಾಡುವ ಹೆಣ್ಣುಮಕ್ಕಳು ಅನುಭವದ ಜಾಗದಲ್ಲಿ ‘ಇಲ್ಲ’ ಎಂದು ಬರೆಯುತ್ತಾರೆ. ಬುಕ್‌ಕೀಪಿಂಗ್, ಸಾಲ ವಸೂಲಿ, ಬ್ಯಾಂಕ್ ವ್ಯವಹಾರ ಎಂಬ ಪದಗಳು ನ್ಯಾಯವಾಗಿ ಅವರವು. ಮುಲ್ಕಿ ಎನ್ನಿಸಿಕೊಳ್ಳಲು ಒಂದು ಕಾಲದಲ್ಲಿ ದೊರೆಯ ಫರ್ಮಾನು ಬೇಕಿತ್ತು. ಈ ಪದಗಳನ್ನು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.