ತೂಸಿಯ ನೀತಿಗ್ರಂಥದಲ್ಲಿ ನ್ಯಾಯವೂ ರಾಜಧರ್ಮವೂ

ನ್ಯಾಯವೆಂಬುದು ಅರಸನ ಗುಣಗಳಲ್ಲಿ ಒಂದೋ, ಅಥವಾ ಅರಸನನ್ನೇ ಅಳೆಯುವ ಮಾನದಂಡವೋ? ಇಸ್ಲಾಮೀ ರಾಜನೀತಿಯ ಈ ಮುಖ್ಯ ಪ್ರಶ್ನೆಯನ್ನು ನಸೀರುದ್ದೀನ್ ತೂಸಿಯ (1201-1274) ‘ಅಖ್ಲಾಕ್-ಇ-ನಾಸಿರೀ’ ಎಂಬ ಪಾರಸೀ ಗ್ರಂಥವು ವಿಶದವಾಗಿ ವಿಚಾರಿಸುತ್ತದೆ.

ಇರಾನಿನ ಕುಹಿಸ್ತಾನದಲ್ಲಿ ಆಳುತ್ತಿದ್ದ ಇಸ್ಮಾಯಿಲೀ ಅಧಿಪತಿಯು, ಮಿಸ್ಕವೈಹನ ಅರಬೀ ನೀತಿಗ್ರಂಥವನ್ನು ಪಾರಸಿಗೆ ತರಬೇಕೆಂದು ತೂಸಿಯನ್ನು ಕೇಳಿಕೊಂಡನು. ತೂಸಿಯು ಬರಿಯ ಭಾಷಾಂತರಕ್ಕೆ ಒಪ್ಪದೆ, ಸುಮಾರು 1235ರಲ್ಲಿ, ವ್ಯಕ್ತಿನೀತಿಯೊಡನೆ ಗೃಹನೀತಿ ರಾಜನೀತಿಗಳನ್ನೂ ಸೇರಿಸಿ ಹೊಸ ಗ್ರಂಥವನ್ನೇ ರಚಿಸಿದನು.

ಜ್ಞಾನ, ಶೌರ್ಯ, ಸಂಯಮ, ನ್ಯಾಯ ಎಂಬ ನಾಲ್ಕು ಗುಣಗಳನ್ನು ಅವನು ಗ್ರೀಕರ ಪರಂಪರೆಯಿಂದ ಪಡೆದನು. ಇವುಗಳಲ್ಲಿ ನ್ಯಾಯವೆಂದರೆ ಉಳಿದವುಗಳ ಸಮತೋಲನ. ಜನರ ವ್ಯವಹಾರದಲ್ಲಿ ಈ ಸಮತೋಲನವನ್ನು ಕಾಯುವವು ಮೂರು: ದೈವಶಾಸನ, ಅರಸ, ನಾಣ್ಯ. ಇವುಗಳಲ್ಲಿ ದೈವಶಾಸನವೇ ಅಗ್ರಗಣ್ಯ. ಅರಸನು ಅದನ್ನು ಅನುಸರಿಸತಕ್ಕವನು. ಆದುದರಿಂದ ಮೇಲಿನ ಪ್ರಶ್ನೆಗೆ ತೂಸಿಯ ಉತ್ತರವು ಸ್ಪಷ್ಟವಾಗಿದೆ: ಅರಸನು ನ್ಯಾಯದ ಕರ್ತನಲ್ಲ, ಅದಕ್ಕೆ ಅಧೀನನು.

ಲೇಖನಿಯವರು, ಖಡ್ಗದವರು, ವರ್ತಕರು, ಕೃಷಿಕರು ಎಂಬ ನಾಲ್ಕು ವರ್ಗಗಳನ್ನು ತೂಸಿಯು ಕ್ರಮವಾಗಿ ನೀರು, ಬೆಂಕಿ, ಗಾಳಿ, ಮಣ್ಣುಗಳಿಗೆ ಹೋಲಿಸುತ್ತಾನೆ. ಒಂದು ಮಿತಿಮೀರಿದರೆ ಶರೀರದಂತೆ ರಾಜ್ಯವೂ ಕೆಡುವುದು. ಈ ಸಮತೋಲನವು ಸಮಾನತೆಯಲ್ಲವೆಂಬುದನ್ನು ನಾವು ಮರೆಯಬಾರದು. ಅವರವರ ಯೋಗ್ಯತೆಗೆ ತಕ್ಕ ಸ್ಥಾನವೇ ಇಲ್ಲಿ ನ್ಯಾಯವೆನಿಸಿದೆ. ಆದರೂ ನ್ಯಾಯಕ್ಕಿಂತ ಪ್ರೀತಿಯೇ ಮೇಲೆಂದು ಅವನ ಮತ: ಜನರಲ್ಲಿ ಪರಸ್ಪರ ಪ್ರೀತಿಯಿದ್ದಲ್ಲಿ ನ್ಯಾಯದ ಅಗತ್ಯವೇ ಬೀಳದು, ನ್ಯಾಯದಿಂದಾಗುವ ಐಕ್ಯವು ಕೃತಕ, ಪ್ರೀತಿಯಿಂದಾಗುವುದು ಸಹಜ.

1256ರಲ್ಲಿ ಮಂಗೋಲರು ಇಸ್ಮಾಯಿಲೀಯರ ಅಲಮೂತ್ ಪ್ರಭುತ್ವವನ್ನು ಅಳಿಸಿದರು. ತೂಸಿಯು ಹುಲಾಗುವಿನ ಆಶ್ರಯವನ್ನು ಸೇರಿದನು. ಆಮೇಲೆ ಗ್ರಂಥದ ಪೀಠಿಕೆಯನ್ನು ಬದಲಿಸಿ, ಹಿಂದಿನ ಸ್ತುತಿಯನ್ನು ಪ್ರಾಣಮಾನಗಳ ರಕ್ಷಣೆಗಾಗಿ ಬರೆದುದೆಂದು ಹೇಳಿದನು. ಇದರಿಂದ ಅವನ ನೀತಿಯೇ ಸಂದೇಹಾಸ್ಪದವಾಗುವುದಿಲ್ಲವೇ? ಆಶ್ರಿತನ ಸಂಕಟವು ಇಲ್ಲಿ ಪ್ರಕಟವಾಗಿದೆ, ನಿಜ. ಆದರೆ ಗ್ರಂಥದ ವಿಷಯವು ತತ್ತ್ವಶಾಸ್ತ್ರಕ್ಕೆ ಸೇರಿದುದು, ಯಾವ ಪಂಥಕ್ಕೂ ಸಂಬಂಧಪಟ್ಟುದಲ್ಲವೆಂದು ಅವನು ಅಲ್ಲಿಯೇ ಸಮರ್ಥಿಸುತ್ತಾನೆ. ಅರಸನ ಹೆಸರು ಹೋದರೂ ಅರಸನನ್ನು ಅಳೆಯುವ ತತ್ತ್ವವು ಉಳಿಯಿತು.

ಈ ಸಮರ್ಥನೆಯು ಪೊಳ್ಳಲ್ಲವೆಂಬುದಕ್ಕೆ ಗ್ರಂಥದ ಮುಂದಿನ ಚರಿತ್ರೆಯೇ ಸಾಕ್ಷಿ. ಅಕ್ಬರನಿಗೆ ಓದಿ ಹೇಳುತ್ತಿದ್ದ ಪುಸ್ತಕಗಳಲ್ಲಿ ಇದನ್ನೂ ಅಬುಲ್ ಫಜಲನು ‘ಆಈನ್-ಇ-ಅಕ್ಬರೀ’ಯಲ್ಲಿ ಹೆಸರಿಸಿದ್ದಾನೆ. ಇಸ್ಮಾಯಿಲೀ ಕೋಟೆಯಲ್ಲಿ ಹುಟ್ಟಿದ ನೀತಿಯು, ಮೂರು ಶತಮಾನಗಳ ತರುವಾಯ, ನಾನಾ ಮತಗಳ ಪ್ರಜೆಗಳನ್ನು ಆಳುತ್ತಿದ್ದ ಸುನ್ನೀ ವಂಶದ ಆಸ್ಥಾನದಲ್ಲಿ ಮಾನ್ಯವಾಯಿತು.