ಮೀನಖಂಡದ ಚರಿತ್ರೆ

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಪ್ರಪಂಚದ ವೈದ್ಯಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇದೆ. ನಮ್ಮವರನ್ನೇ ಅದು ಎಲ್ಲಿದೆಯೆಂದು ಕೇಳಿದರೆ ಹಲವರು ತಡವರಿಸುತ್ತಾರೆ. ಆದರೆ ಮಾಸ್ಕೋದಲ್ಲೋ ನ್ಯೂಯಾರ್ಕಿನಲ್ಲೋ ವೈರಸ್ ಅಭ್ಯಾಸ ಮಾಡುವವರಿಗೆ ಆ ಹೆಸರು ಬಾಯಿಪಾಠ. ನಾವು ಮಂಗನ ಕಾಯಿಲೆ ಎನ್ನುವುದನ್ನು ಅವರು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತಾರೆ. ಅದರ ಲಕ್ಷಣಗಳ ಪಟ್ಟಿಯನ್ನು ಮೊದಲ ಸಲ ಓದಿದಾಗ ನಾನು ಒಂದು ಕಡೆ ನಿಂತುಬಿಟ್ಟೆ. ಏಕಾಏಕಿ ಜ್ವರ, ಹಣೆ ಸಿಡಿಯುವ ತಲೆನೋವು, ಕತ್ತಿನ ಹಿಂಭಾಗ, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾರದ ನೋವು ಎಂದಿತ್ತು.

ಮೀನಖಂಡದ ನೋವು ನಮ್ಮ ಕಡೆಯ ಹೆಂಗಸರಿಗೆ ಹೊಸದೇ? ಮಂಗನ ಕಾಯಿಲೆ ಬರುವುದಕ್ಕೆ ಎಷ್ಟೋ ತಲೆಮಾರು ಮೊದಲಿನಿಂದಲೂ ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಕಾಲು ಹಿಡಿದುಕೊಂಡು, ಮಕ್ಕಳಿಗೆ ಎಚ್ಚರವಾಗದಂತೆ ಹಲ್ಲು ಕಚ್ಚಿ ನರಳಿದವರು ಅವರು. ಕಾಯಿಲೆಗೆ ಕಡತ ಬಂತು, ಪ್ರಯೋಗಾಲಯ ಬಂತು, ಲಸಿಕೆ ಬಂತು. ಬರಿಯ ಕಾಲು ಹಿಡಿತಕ್ಕೆ ಯಾವ ಕಡತವೂ ಇಲ್ಲ. ಎರಡೂ ಇರುವುದು ಒಂದೇ ಕಾಲಿನಲ್ಲಿ; ಹಾಗಾಗಿ ಎರಡರ ಚರಿತ್ರೆಯನ್ನೂ ಒಟ್ಟಿಗೇ ಹೇಳಿದರೆ ತಪ್ಪಿಲ್ಲವೆಂದು ನನ್ನ ಭಾವನೆ.

ನಟ್ಟಿಯ ದಿನಗಳನ್ನು ನೆನೆಸಿಕೊಳ್ಳಿ. ಪೇಟೆಯಲ್ಲಿ ಹುಟ್ಟಿ ಬೆಳೆದವರಿಗಾಗಿ ಹೇಳುತ್ತೇನೆ: ಆಷಾಢದ ಮಳೆ, ಬೆನ್ನ ಮೇಲೆ ಗೊರಬು, ಮೊಣಕಾಲಿನವರೆಗೆ ಕೆಸರು. ಬೆಳಿಗ್ಗೆ ಬಗ್ಗಿದ ಸೊಂಟ ಏಳುವುದು ಊಟದ ಹೊತ್ತಿಗೆ. ಕೆಸರಿನಿಂದ ಕಾಲು ಕೀಳುವುದು, ಹಿಂದಕ್ಕೆ ಒಂದು ಹೆಜ್ಜೆ ಇಡುವುದು, ಮತ್ತೆ ಕೀಳುವುದು. ಹಗಲೆಲ್ಲ ಹಾಡು, ನಗು, ಒಬ್ಬರನ್ನೊಬ್ಬರು ಛೇಡಿಸುವುದು ನಡೆದೇ ಇರುತ್ತದೆ. ಕಾಲು ಲೆಕ್ಕ ಕೇಳುವುದು ರಾತ್ರಿ. ನನ್ನ ಅಜ್ಜಿಗೆ ಅದು ಬರುವುದು ಮೊದಲ ನಿದ್ದೆ ಮುಗಿಯುವ ಹೊತ್ತಿಗೆ. “ಕಾಲು ಹಿಡ್ಕಣ್ತು ಕಣೇ” ಎಂದು ಕೂಗಿದರೆ ಅಮ್ಮ ಓಡುತ್ತಿದ್ದಳು. ಲಾಟೀನಿನ ಬೆಳಕಿನಲ್ಲಿ ಅಜ್ಜಿಯ ಮೀನಖಂಡ ಕಲ್ಲಿನಂತೆ ಗಂಟು ಕಟ್ಟಿ ನಿಂತಿರುತ್ತಿತ್ತು. ಹೆಬ್ಬೆರಳು ತಾನಾಗಿ ಕೆಳಕ್ಕೆ ಮಡಚಿರುತ್ತಿತ್ತು. ಅಮ್ಮ ಪಾದ ಹಿಡಿದು ಬೆರಳುಗಳನ್ನು ಮೊಣಕಾಲಿನ ಕಡೆಗೆ ಒತ್ತುವಳು. ಬಿಸಿ ಉಪ್ಪಿನ ಗಂಟು, ಬೆಚ್ಚಗಿನ ಕೊಬ್ಬರಿ ಎಣ್ಣೆ ಆಮೇಲಿನ ಮಾತು. ದಿಂಬಿನ ಅಡಿಯಲ್ಲಿ ಕಬ್ಬಿಣದ ತುಂಡೊಂದು ಸದಾ ಇರುತ್ತಿತ್ತು. ಕಬ್ಬಿಣಕ್ಕೂ ಕಾಲಿಗೂ ಏನು ಸಂಬಂಧವೆಂದು ಕೇಳಿದರೆ, “ನಿನಗೆ ಬಂದಾಗ ಗೊತ್ತಾಗುತ್ತೆ” ಎಂಬ ಉತ್ತರ. ನನಗೂ ಬಂತು, ಕಬ್ಬಿಣದ ಸಂಬಂಧ ಮಾತ್ರ ಇವತ್ತಿಗೂ ತಿಳಿದಿಲ್ಲ.

ನಮ್ಮ ಹಳೆಯ ವೈದ್ಯರಿಗೆ ಈ ನೋವು ಗೊತ್ತಿತ್ತು. ಚರಕಸಂಹಿತೆ ವಾತದಿಂದ ಬರುವ ಎಂಬತ್ತು ವಿಕಾರಗಳನ್ನು ಎಣಿಸುವಾಗ ಪಿಂಡಿಕೋದ್ವೇಷ್ಟನವನ್ನೂ ಹೆಸರಿಸುತ್ತದೆ. ಪಿಂಡಿಕೆ ಎಂದರೆ ಮೀನಖಂಡ. ಉದ್ವೇಷ್ಟನವೆಂದರೆ ಹುರಿಗೊಳ್ಳುವುದು, ತಿರುಚಿಕೊಳ್ಳುವುದು. ಪಾದ, ಕಣಕಾಲು, ತೊಡೆಗಳನ್ನು ಹಿಂಡುವ ನೋವಿಗೆ ಖಲ್ಲೀ ಎಂಬ ಬೇರೆ ಹೆಸರೇ ಇದೆ. ಎಣ್ಣೆ, ಶಾಖ, ನೀವುವುದು ವಾತಕ್ಕೆ ಹೇಳಿದ ಉಪಚಾರ. ಅಜ್ಜಿ ಚರಕನ ಹೆಸರನ್ನೇ ಕೇಳಿರಲಿಲ್ಲ, ಮಾಡುತ್ತಿದ್ದದ್ದು ಮಾತ್ರ ಅದನ್ನೇ.

ಪಶ್ಚಿಮದವರ ಕಥೆ ನಮ್ಮ ಮಲೆನಾಡಿಗೆ ಬೇರೊಂದು ದಾರಿಯಿಂದ ತಾಗುತ್ತದೆ. ಮಲೆನಾಡೆಂದರೆ ಒಂದು ಕಾಲಕ್ಕೆ ಚಳಿಜ್ವರದ ಸೀಮೆ. ಹೆಣ್ಣು ಕೊಡುವುದಕ್ಕೆ ಬಯಲುಸೀಮೆಯವರು ಹಿಂದೆ ಮುಂದೆ ನೋಡುತ್ತಿದ್ದರು. ಮಲೇರಿಯಾಕ್ಕೆ ಇದ್ದ ಒಂದೇ ಮದ್ದು ಸಿಂಕೋನಾ ಮರದ ತೊಗಟೆಯ ಕ್ವಿನೈನ್. 1820ರಲ್ಲಿ ಪ್ಯಾರಿಸ್ಸಿನ ಪೆಲ್ಲೆತಿಯೇ ಮತ್ತು ಕಾವಾಂತು ಎಂಬಿಬ್ಬರು ಅದನ್ನು ತೊಗಟೆಯಿಂದ ಬೇರ್ಪಡಿಸಿದರು. 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ತೋಟಗಳೆದ್ದವು. ಆ ಶತಮಾನ ಮುಗಿಯುವ ಮುಂಚೆ ಬಂಗಾಳದ ಅಂಚೆ ಕಚೇರಿಗಳಲ್ಲಿ ಕಾರ್ಡು ಕವರಿನ ಜೊತೆಗೆ ಕ್ವಿನೈನ್ ಪೊಟ್ಟಣವೂ ಮಾರಾಟಕ್ಕಿತ್ತು. ಅದರ ಕಹಿಯನ್ನು ನಮ್ಮ ಹಿರಿಯರು ಸಾಯುವವರೆಗೂ ಮರೆಯಲಿಲ್ಲ.

ಈ ಕ್ವಿನೈನ್ ರಾತ್ರಿಯ ಕಾಲು ಹಿಡಿತವನ್ನೂ ಬಿಡಿಸುತ್ತದೆಂದು ಅಮೆರಿಕದ ಇಬ್ಬರು ವೈದ್ಯರು 1940ರಲ್ಲಿ ಬರೆದರು. ಅಲ್ಲಿಂದ ಮುಂದೆ ಐವತ್ತು ವರ್ಷ ಪಶ್ಚಿಮ ದೇಶಗಳ ಅಜ್ಜಿಯರು ಮಲಗುವ ಮುನ್ನ ಕ್ವಿನೈನ್ ಮಾತ್ರೆ ನುಂಗಿದರು. ಗುಣ ಇಲ್ಲದಿರಲಿಲ್ಲ, ಸ್ವಲ್ಪ ಇತ್ತು. ಆದರೆ ಕೆಲವರಲ್ಲಿ ಅದು ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನೇ ನಾಶ ಮಾಡುತ್ತಿತ್ತು, ಹೃದಯದ ಬಡಿತ ತಪ್ಪಿಸುತ್ತಿತ್ತು, ಪ್ರಾಣವನ್ನೂ ತೆಗೆಯುತ್ತಿತ್ತು. 1994ರಲ್ಲಿ ಅಮೆರಿಕದ ಸರ್ಕಾರ ವೈದ್ಯರ ಚೀಟಿಯಿಲ್ಲದೆ ಕಾಲು ಹಿಡಿತಕ್ಕೆ ಅದನ್ನು ಮಾರಕೂಡದೆಂದಿತು; 2006ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಮಲೇರಿಯಾದಂಥ ಕೊಲ್ಲುವ ಜ್ವರಕ್ಕೆ ಆ ಅಪಾಯ ಒಪ್ಪಬಹುದು. ಐದು ನಿಮಿಷದ ನೋವಿಗೆ ಜೀವವನ್ನು ಪಣ ಇಡುವುದು ಯಾವ ಲೆಕ್ಕ? ನಮ್ಮೂರಿನಲ್ಲಿ ಯಾರಾದರೂ “ಮಲೇರಿಯಾ ಮಾತ್ರೆ ಕಾಲಿಗೂ ಒಳ್ಳೆಯದಂತೆ” ಎಂದರೆ, ದಯವಿಟ್ಟು ಕೇಳಬೇಡಿ.

ಗಣಿ ಕಾರ್ಮಿಕರ ಕಥೆ ಇನ್ನೊಂದು. 1920ರ ದಶಕದಲ್ಲಿ ಇಂಗ್ಲೆಂಡಿನ ಆಳವಾದ ಕಲ್ಲಿದ್ದಲ ಗಣಿಗಳಲ್ಲಿ ಬೆವರು ಸುರಿಸಿ ಬರಿ ನೀರು ಕುಡಿದವರಿಗೆ ಕೈಕಾಲು ಸೆಟೆದುಕೊಳ್ಳುತ್ತಿತ್ತು. ಬೆವರಿನಲ್ಲಿ ಹೋದ ಉಪ್ಪು ವಾಪಸು ಬರಲಿಲ್ಲವೆಂಬುದು ಕಾರಣ. ನೀರಿಗೆ ಉಪ್ಪು ಬೆರೆಸಿ ಕೊಟ್ಟಾಗ ನಿಂತಿತು. ಗದ್ದೆಗೆ ಗಂಜಿ ಹೊರುವಾಗ ಉಪ್ಪಿನಕಾಯಿ ಮರೆತವಳಿಗೆ ನಮ್ಮಲ್ಲಿ ಬೈಗುಳ ಬೀಳುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಇದು ದುಡಿಮೆಯ ಹೊತ್ತಿನಲ್ಲೇ ಬರುವ ಸೆಳೆತದ ಮಾತು. ಹಾಸಿಗೆಯಲ್ಲಿ ಬರುವುದಕ್ಕೆ ಉಪ್ಪು ಉತ್ತರವಲ್ಲ. ರಕ್ತದೊತ್ತಡ ಇರುವವರು ಉಪ್ಪು ಹೆಚ್ಚಿಸಿದರೆ ಬೇರೆ ಅನರ್ಥ.

ಇನ್ನು 1957. ಆ ವರ್ಷದ ಮಾರ್ಚಿ ಹೊತ್ತಿಗೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆಯೆಂಬ ಸುದ್ದಿ ಪುಣೆಗೆ ಮುಟ್ಟಿತು. ಮುಸುವಗಳು ಹೆಚ್ಚು, ಕೆಂಪು ಮಂಗಗಳೂ ಇದ್ದವು. ಕಾಡಂಚಿನ ಹಳ್ಳಿಗಳಲ್ಲಿ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರ 1952ರಲ್ಲಷ್ಟೇ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾಗಿತ್ತು. ಅಲ್ಲಿಯವರ ಎದೆ ಮೊದಲು ಝಲ್ಲೆಂದದ್ದು ಹಳದಿ ಜ್ವರದ ನೆನಪಿಗೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಬಂದಾಗ ಮೊದಲು ಸಾಯುವುದು ಮಂಗಗಳೇ. ಭಾರತಕ್ಕೆ ಎಂದೂ ಕಾಲಿಡದ ಹಳದಿ ಜ್ವರ ಸೊರಬಕ್ಕೆ ಬಂದಿದ್ದರೆ? ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಕಾಡಿಗೆ ಬಂದರು. ಸತ್ತ ಮಂಗದಿಂದ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಮಿದುಳನ್ನು ಕಾಡುವ ಜ್ವರವೊಂದರ ದಾಯಾದಿ. ಸೈಬೀರಿಯದಿಂದ ಬರುವ ಹಕ್ಕಿಗಳು ತಂದವೇ ಎಂಬ ಅನುಮಾನವೂ ಹುಟ್ಟಿತು. ಹಕ್ಕಿಗಳ ವಲಸೆಯನ್ನು ಅಭ್ಯಸಿಸಲು ಸಲೀಂ ಅಲಿಯವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿದ್ದಕ್ಕೆ ಈ ಅನುಮಾನವೂ ಒಂದು ಕಾರಣ. ನಮ್ಮೂರ ಮುಸುವನ ಸಾವಿನಿಂದ ಭರತಪುರದ ಬಾತುಕೋಳಿಗೆ ಉಂಗುರ ಬಿತ್ತೆಂದರೆ ನಂಬುವುದು ಕಷ್ಟ.

ವೈರಸ್ಸನ್ನು ಹೊತ್ತು ತಿರುಗುವುದು ಉಣುಗು. ಮಂಗನಿಂದ ಮನುಷ್ಯನಿಗೆ ನೇರವಾಗಿ ಬರುವುದಲ್ಲ, ಮನುಷ್ಯನಿಂದ ಮನುಷ್ಯನಿಗೂ ಬರುವುದಿಲ್ಲ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಉದುರಿ ಅಲ್ಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಸಾಗರದಲ್ಲಿದ್ದು ಕೆಲಸ ಮಾಡಿದ ಕೊಲಂಬಿಯಾದ ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲಿ ಒಂದು ಮುಖ್ಯ ಮಾತು ಬರೆದರು: ಕಾಡು ಕಡಿದು ಗದ್ದೆ ಮಾಡಿದೆವು, ಉಳಿದ ಕಾಡಿಗೆ ದನ ಬಿಟ್ಟೆವು, ದನದ ರಕ್ತ ಕುಡಿದು ಉಣುಗುಗಳು ಬೆಟ್ಟದಷ್ಟಾದವು. ಕಾಯಿಲೆ ಹೊರಗಿನಿಂದ ಬಂದದ್ದೆನ್ನುವುದಕ್ಕಿಂತ, ಕಾಡಿನೊಳಗೆ ತನ್ನಷ್ಟಕ್ಕೆ ಇದ್ದದ್ದನ್ನು ನಾವು ಎಬ್ಬಿಸಿದೆವು ಎನ್ನುವುದೇ ನನಗೂ ಸರಿ ಕಾಣುತ್ತದೆ.

ಈಗ ಯೋಚಿಸಿ: ಆ ತರಗೆಲೆಯಲ್ಲಿ ಕೈಯಾಡಿಸುವವರು ಯಾರು? ಕೊಟ್ಟಿಗೆಗೆ ಹಾಸಲು ಎಲೆ ಗುಡಿಸುವವಳು, ಸೌದೆ ಹೊರುವವಳು, ದನ ಅಟ್ಟಿಕೊಂಡು ಹೋಗುವ ಹುಡುಗಿ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ. ಮಳೆಗಾಲಕ್ಕೆಂದು ಸೌದೆ, ದರಗು ಕೂಡಿಡುವ ಕಾಲವೂ ಅದೇ. ಉಣುಗಿನ ಮರಿ ಸಾಸಿವೆಗಿಂತ ಸಣ್ಣದು, ಹತ್ತಿದ್ದು ತಿಳಿಯುವುದೇ ಇಲ್ಲ. ಮೂರರಿಂದ ಎಂಟು ದಿನಕ್ಕೆ ಜ್ವರ. ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಉಳಿದವರು ತಿಂಗಳೊಪ್ಪತ್ತು ಮೈಕೈ ನೋವಿನಲ್ಲಿ ಏಳಲಾರರು. ಅದನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ಕಡೆ ನೂರಾರು ಜನರಿಗೆ ಬಡಿಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮನೆಮನೆಯಲ್ಲೂ ಹೆದರಿಕೆ.

ಕಾಲುನೋವೆಂದರೆ ಉದಾಸೀನ ಮಾಡುವ ನಮ್ಮ ಅಭ್ಯಾಸಕ್ಕೆ ಇದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಜ್ವರದ ಮೊದಲ ದಿನ ಮೀನಖಂಡ ನೋಯುವಾಗ “ನಿನ್ನೆ ಸೌದೆ ಹೊತ್ತದ್ದಕ್ಕೆ” ಎಂದುಕೊಂಡು ಬಿಸಿನೀರು ಹೊಯ್ದುಕೊಂಡವರು ಎಷ್ಟು ಮಂದಿಯೋ. ವ್ಯತ್ಯಾಸ ಸುಲಭ. ರಾತ್ರಿಯ ಹಿಡಿತ ಥಟ್ಟನೆ ಬರುತ್ತದೆ, ಸ್ನಾಯು ಗಂಟಾಗುತ್ತದೆ, ಕೆಲವು ನಿಮಿಷದಲ್ಲಿ ಬಿಡುತ್ತದೆ. ಮಾರನೆಯ ದಿನ ಸ್ವಲ್ಪ ನೋವು ಉಳಿದರೂ ಮೈ ಬಿಸಿ ಇರುವುದಿಲ್ಲ. ಕಾಡಿನ ಕಾಯಿಲೆಯ ನೋವು ಎರಡೂ ಕಾಲಿಗೆ, ಸೊಂಟಕ್ಕೆ, ಕತ್ತಿಗೆ, ಜ್ವರದ ಜೊತೆಯಲ್ಲೇ ಬಂದು ದಿನಗಟ್ಟಲೆ ಕೂರುತ್ತದೆ. ಕಾಡಿಗೆ ಹೋಗಿಬಂದವಳಿಗೆ ಹೀಗಾದರೆ ಎಣ್ಣೆ ಬಟ್ಟಲು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು.

ಮಲೆನಾಡಿನ ಕಾಲಿಗೆ ಇನ್ನೊಂದು ದುಃಖವೂ ಇದೆ, ಹಂದಿಗೋಡಿನದು. 1975ರ ಸುಮಾರಿಗೆ ಸಾಗರದ ಹತ್ತಿರದ ಆ ಹಳ್ಳಿಯ ದಲಿತ ಕೇರಿಯಲ್ಲಿ ಸೊಂಟ, ಮೊಣಕಾಲು ನೊಂದು ಜನ ಕುಗ್ಗಿಹೋಗುವುದು ಹೊರಜಗತ್ತಿನ ಕಣ್ಣಿಗೆ ಬಿತ್ತು. ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಎಂದು ಮೊದಲು ಅಂದರು. ಬಡವರ ಊಟದ ಮೇಲೆ ತಪ್ಪು ಹೊರಿಸುವುದು ಯಾವಾಗಲೂ ಸುಲಭ. ಆಮೇಲೆ ತಿಳಿದದ್ದು, ಅದು ಮೂಳೆಯ ಬೆಳವಣಿಗೆಯ ದೋಷ, ರಕ್ತಸಂಬಂಧದಲ್ಲಿ ಹರಿದು ಬರುವುದು ಎಂದು.

ಮತ್ತೆ ಬರಿಯ ಕಾಲು ಹಿಡಿತಕ್ಕೆ ಬರೋಣ. ಐವತ್ತು ದಾಟಿದವರಿಗೆ, ಬಸುರಿಯರಿಗೆ ಇದು ಹೆಚ್ಚು. ನೀರಿಳಿಸುವ ಮಾತ್ರೆ ಮುಂತಾದ ಕೆಲವು ಔಷಧಿಗಳಿಂದಲೂ ಬರುತ್ತದೆ. ಹಲವರಲ್ಲಿ ಕಾರಣವೇ ಸಿಗುವುದಿಲ್ಲ. ಪೇಟೆಯ ನಮಗೆ ಗದ್ದೆಯಿಲ್ಲ, ಆದರೆ ಅಡಿಗೆಮನೆಯ ಕಲ್ಲುನೆಲದ ಮೇಲೆ ದಿನಕ್ಕೆ ಆರು ಗಂಟೆ ನಿಂತ ಕಾಲು ಕೆಸರಿನ ಕಾಲಿಗಿಂತ ಭಿನ್ನವಲ್ಲ. ಹಿಡಿದ ತಕ್ಷಣ ಮಾಡಬೇಕಾದ್ದು ಅಮ್ಮ ಮಾಡುತ್ತಿದ್ದದ್ದೇ: ಮೊಣಕಾಲು ನೇರ ಮಾಡಿ ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳುವುದು. ಹತ್ತಿರ ಯಾರೂ ಇಲ್ಲದಿದ್ದರೆ ಪಾದಕ್ಕೆ ಟವೆಲು ಹಾಕಿ ಎಳೆಯಬಹುದು, ಇಲ್ಲವೆ ಎದ್ದು ಹಿಮ್ಮಡಿ ಊರಿ ನಿಲ್ಲಬಹುದು.

ಬರದಂತೆ ತಡೆಯಲು ಮಲಗುವ ಮುಂಚೆ ಗೋಡೆಗೆ ಎರಡೂ ಕೈ ಊರಿ, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ, ಮೀನಖಂಡ ಎಳೆಯುವುದು ಗೊತ್ತಾಗುವಂತೆ ಹತ್ತು ಎಣಿಸುವುದು, ಮೂರು ಸಲ. 2012ರಲ್ಲಿ ನೆದರ್ಲೆಂಡಿನಲ್ಲಿ ಐವತ್ತೈದು ದಾಟಿದ 80 ಜನರಲ್ಲಿ ಪರೀಕ್ಷೆ ಮಾಡಿದಾಗ, ಆರು ವಾರ ರಾತ್ರಿ ಹೀಗೆ ಕಾಲು ಚಾಚಿದವರಿಗೆ ಹಿಡಿತ ಕಡಿಮೆಯಾಯಿತು. 2005ರ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಖರ್ಚಿಲ್ಲ, ಕೇಡಿಲ್ಲ, ನನಗಂತೂ ವಾರಕ್ಕೆ ಮೂರು ರಾತ್ರಿ ಇದ್ದದ್ದು ತಿಂಗಳಿಗೊಂದಕ್ಕೆ ಇಳಿದಿದೆ. ಮೆಗ್ನೀಸಿಯಂ ಮಾತ್ರೆಗಳನ್ನು ಈಗ ಬಹಳ ಹೊಗಳುತ್ತಾರೆ. ವಯಸ್ಸಾದವರಿಗೆ ಅದರಿಂದ ಉಪಯೋಗ ಕಾಣುವುದಿಲ್ಲವೆಂದು ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ನೋಡಿದವರು ಹೇಳಿದ್ದಾರೆ. ಬಸುರಿಯರು ವೈದ್ಯರನ್ನೇ ಕೇಳಲಿ. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ಅದು ಹಿಡಿತವಲ್ಲ, ರಕ್ತನಾಳದಲ್ಲಿ ಹೆಪ್ಪು ಇರಬಹುದು. ಆಗ ನೀವಲೂಬಾರದು, ಬೆಳಗಾಗಲೆಂದು ಕಾಯಲೂಬಾರದು.

ಮಂಗನ ಕಾಯಿಲೆಗೆ ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದಕ್ಕೆ ಪ್ರಯತ್ನ ಆರಂಭವಾಯಿತು. ಕಾಡಂಚಿನ ಮನೆಗಳಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡುತ್ತಾರೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಬೆಳಿಗ್ಗೆ ಕಾಡಿಗೆ ಹೊರಡುವ ಮುನ್ನ ಅದನ್ನು ಮೀನಖಂಡಕ್ಕೆ ಬಳಿದುಕೊಳ್ಳುತ್ತಾರೆ. ಸಂಜೆ ಬಂದು ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು, ಬಟ್ಟೆ ಕುದಿಯುವ ನೀರಿಗೆ ಹಾಕಿ, ರಾತ್ರಿ ಅದೇ ಮೀನಖಂಡಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಾರೆ. ಎರಡು ಬಾಟಲಿಗಳೂ ಒಂದೇ ಗೂಡಿನಲ್ಲಿವೆ. ಕತ್ತಲಲ್ಲಿ ಅದಲು ಬದಲಾಗಬಾರದೆಂದು ಒಂದರ ಕತ್ತಿಗೆ ಕೆಂಪು ದಾರ ಕಟ್ಟಿದ್ದಾರೆ.